ಹೂವಿನ ಪಾತಿಯ ವೇಷಧಾರಿಗಳು

ಜೂನ್ 3

ಪ್ರೀತಿಯ ತಂಗಿ ಪಿಸು,

ನೀನು ರೈಲು ಹತ್ತಿದ ಮರುದಿನದಿಂದ ಈ ಮನೆಯೆಂಬ ರಂಗಮಂದಿರದಲ್ಲಿ ನಟನೂ ಒಬ್ಬನೇ, ಪ್ರೇಕ್ಷಕನೂ ಒಬ್ಬನೇ, ಇಬ್ಬರೂ ನಾನೇ. ಬೆಳಿಗ್ಗೆ ಎದ್ದು "ಕಾಫಿ ಎಲ್ಲಿ?" ಎಂದು ಗರ್ಜಿಸಿದೆ. ಸ್ಟ್ಯಾಂಡಿನಲ್ಲಿದ್ದ ತಟ್ಟೆಗಳು ನಡುಗಿದವೇ ಹೊರತು ಕಾಫಿ ಬರಲಿಲ್ಲ. "ಕೈಕಾಲು ಗಟ್ಟಿಯಿದೆಯಲ್ಲ, ಮಾಡ್ಕೊಂಡು ಕುಡಿ" ಎಂಬ ನಿನ್ನ ಮಾತು ಬೀಳಬೇಕಾದ ಜಾಗದಲ್ಲಿ ನಲ್ಲಿಯ ನೀರು ತೊಟ್ಟಿಕ್ಕುತ್ತಿತ್ತು.

ಪಾತಿಯ ವರದಿ ಕೇಳು. ಗುಲಾಬಿಯವರು ಕ್ಷೇಮ. ಡೇಲಿಯಾದವರು ತಲೆ ಎತ್ತಿದ್ದಾರೆ. ನೀನು ಮುಂದಿನ ಸಾಲಿಗೆಂದು ನೆಟ್ಟು ಹೋದ ಜೀನಿಯಾ ಸಸಿಗಳು ಮಾತ್ರ ಮೊದಲನೇ ಅಂಕದಲ್ಲೇ ವೀರಮರಣವನ್ನಪ್ಪಿದವು. ನಾನು ಮಾಡಿದ ಅನ್ಯಾಯವಾದರೂ ಏನು? ಹೊತ್ತು ಹೊತ್ತಿಗೆ ನೀರು ಕೊಟ್ಟೆ. ಮನಸ್ಸು ತಡೆಯದೆ ನಡುನಡುವೆಯೂ ಕೊಟ್ಟೆ. ಬುಡ ಕೊಳೆತು ಸಾಲಾಗಿ ಮಲಗಿಬಿಟ್ಟವು. ಈಗ ಪಾತಿಯ ಮುಂಭಾಗ ಖಾಲಿ. ಖಾಲಿ ರಂಗ ನೋಡುವ ಕರುಳು ನನ್ನದಲ್ಲ, ನಿನಗೇ ಗೊತ್ತು. ಅಡುಗೆಮನೆಗೆ ನುಗ್ಗಿ, ಡಬ್ಬಿಯಲ್ಲಿದ್ದ ಮೆಂತ್ಯವನ್ನು ಹಿಡಿ ತುಂಬ ತಂದು ಎರಚಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೊಳಕೆಯ ಸೇನೆಯೇ ಎದ್ದು ನಿಂತಿದೆ.

ಭಯ ಒಂದೇ, ಮಹಡಿಯ ಮೇಲಿರುವ ಮನೆಯೊಡತಿ, ನಮ್ಮ ಮೇಲ್ಮನೆಯಮ್ಮ. "ಮುಂದಿನ ಪಾತಿಯಲ್ಲಿ ಹೂವು ಮಾತ್ರ. ತರಕಾರಿ ಬೆಳೆಯೋಕೆ ಇದೇನು ಹೊಲ ಅಲ್ಲ" ಎಂದು ಬಾಡಿಗೆ ಕರಾರಿನಲ್ಲೇ ಬರೆಸಿಕೊಂಡ ಮಹಾತಾಯಿ. ಅಕ್ಟೋಬರಿನಲ್ಲಿ ಕರಾರು ಹೊಸದಾಗಬೇಕು. ಅವರು ನಮಗೆ ಮನೆ ಕೊಟ್ಟದ್ದು ನಿನ್ನ ಹೂವು ನೋಡಿ, ನನ್ನ ಗಂಟಲು ಕೇಳಿ ಅಲ್ಲ.

ನಾಟಕ ಕಂಪನಿಯಲ್ಲಿ ನಾನು ಅರಸನಾಗಿ ಮೆರೆದಷ್ಟು ಕಾಲವೂ ಪಕ್ಕದ ಪರದೆಯ ಮರೆಯಲ್ಲಿ ಕೂತು ಮರೆತ ಮಾತು ಎತ್ತಿಕೊಟ್ಟವಳು ನೀನು. ಈಗ ಪಾತಿಗೂ ನೀನೇ ಎತ್ತಿಕೊಡಬೇಕು. ಒಮ್ಮೆ ಮೇಲ್ಮನೆಗೆ ಫೋನ್ ಮಾಡು, ಅವರು ನನ್ನನ್ನು ಕರೆಯುತ್ತಾರೆ. ನಿನ್ನ ದರ್ಜಿ ಗೆಳತಿಯ ಮಂಡಿ ಆಪರೇಷನ್ ಆಯಿತೆ? ನಮ್ಮ ಕಂಪನಿಯ ಅಷ್ಟೂ ರಾಜರಿಗೆ ನಿಲುವಂಗಿ ಹೊಲಿದು ಹೊಲಿದು ಮಂಡಿ ಸವೆಸಿಕೊಂಡಳು, ಪಾಪ. ಆಕೆಯನ್ನು ಚೆನ್ನಾಗಿ ನೋಡಿಕೋ. ಹೊರಡುವಾಗ ನಿನ್ನ ಗಂಟಲು ಕಟ್ಟಿತ್ತು. ಬಿಸಿನೀರು ಕುಡಿ.

ಇತಿ ನಿನ್ನ
ಗುಡುಗಣ್ಣ


ಜೂನ್ 15

ಅಣ್ಣ,

ಜೀನಿಯಾ ಸತ್ತದ್ದು ನಿನ್ನ ಪ್ರೀತಿಯಿಂದ. ಗಿಡಕ್ಕೆ ಬಾಯಾರುವವರೆಗೆ ಕಾಯಬೇಕು. ನೀನು ರಂಗದ ಮೇಲೂ ಹಾಗೆಯೇ, ನಾನು ಎತ್ತಿಕೊಡುವ ಮುಂಚೆಯೇ ಬಾಯಿ ತೆರೆದು ಮುಂದಿನ ಅಂಕದ ಮಾತು ಆಡಿಬಿಡುತ್ತಿದ್ದೆ.

ಮೆಂತ್ಯ ಎರಚಿದ್ದು ಕೇಳಿ ನಗು ಬಂತು. ಬಿತ್ತಿದ್ದಾಗಿದೆ, ಇನ್ನು ವೇಷ ಹಾಕಿಸು. ಕೆಂಪು ಹರಿವೆ ಬೀಜ ತಂದು ಡೇಲಿಯಾಗಳ ನಡುವೆ ಬಿತ್ತು. ಆ ಎಲೆಯ ಬಣ್ಣಕ್ಕೆ ಯಾವ ಹೂವೂ ಸಾಟಿಯಲ್ಲ, ನೋಡಿದವರು ಶೋಕಿಯ ಗಿಡ ಅಂದುಕೊಳ್ಳುತ್ತಾರೆ. ಅಂಚಿಗೆ ಬೀಟ್‌ರೂಟ್ ಹಾಕು. ಕೆಂಪು ನರದ ಎಲೆ ಸಾಲಾಗಿ ನಿಂತರೆ ಅರಸನ ನಿಲುವಂಗಿಗೆ ಜರಿ ಹೊಲಿದ ಹಾಗಿರುತ್ತದೆ. ಗುಲಾಬಿಯ ಕಮಾನಿಗೆ ಬೀನ್ಸ್ ಬಳ್ಳಿ ಹಬ್ಬಿಸು. ಅಲ್ಲಲ್ಲಿ ಚೆಂಡು ಹೂ ಇರಲಿ, ಹುಳ ದೂರ ಇರುತ್ತದೆ. ಮೆಂತ್ಯವನ್ನು ಬೇರು ಸಮೇತ ಕೀಳಬೇಡ, ಮೇಲಿಂದ ಕತ್ತರಿಸು. ಒಂದೇ ಕಡೆ ಕತ್ತರಿಸಿದರೆ ಬೋಳು ಕಂಡು ಸಿಕ್ಕಿಬೀಳುತ್ತೀ.

ಇದೊಂದು ಮಾತನ್ನು ಬಾಯಿಪಾಠ ಮಾಡು: ಎತ್ತರದವರು ಹಿಂದೆ, ಕುಳ್ಳರು ಮುಂದೆ.

ಗೆಳತಿಯ ಮನೆಯಲ್ಲಿ ಫೋನ್ ಇಲ್ಲ. ಅಂಗಡಿಯಿಂದ ಮಾಡೋಣವೆಂದರೆ ಆಕೆಯನ್ನು ಬಿಟ್ಟು ಹೋಗುವ ಹಾಗಿಲ್ಲ. ಪತ್ರವೇ ಸಾಕು.

ಪಿಸು


ಜುಲೈ 10 (ಕಾರ್ಡು)

ಅಣ್ಣ,

ಬರೆಯಲು ತಡವಾಯಿತು, ಇಲ್ಲಿ ಕೆಲಸ ಜಾಸ್ತಿ. ಗೆಳತಿಗೆ ಆಪರೇಷನ್ ಆಯಿತು. ಎಲ್ಲ ಸರಿಯಿದೆ ಅಂದರು. ಸದ್ಯಕ್ಕೆ ಊಟವೆಂದರೆ ಸೋಸಿದ ಸೂಪು ಮಾತ್ರ. ಪಾತಿಯಲ್ಲಿ ಜಾಗವಿದ್ದರೆ ಸಿಹಿಗುಂಬಳ ಹಾಕು, ಪಾಲಕ್ ಹಾಕು. ಮೆಣಸಿನ ಗಿಡ ಮಾತ್ರ ಬೇಡ.

ಪಿಸು


ಆಗಸ್ಟ್ 2

ತಂಗಿ ಪಿಸು,

ಒಂದು ಕಾರ್ಡು. ಅಂಗೈಯಗಲದ ಒಂದೇ ಒಂದು ಕಾರ್ಡು. ಅಣ್ಣನಿಗೆ ಇಷ್ಟೇ ಏನು ಸಂಭಾವನೆ? ಇರಲಿ. ಪರದೆ ಏಳಲಿ, ನೋಡು ನಿನ್ನ ಪಾತಿಯ ವೈಭವ.

ಹರಿವೆ ಕೆಂಪಗೆ ಉರಿಯುತ್ತಿದೆ. ಬೀಟ್‌ರೂಟ್ ಜರಿ ಹಾಸಿದೆ. ಬೀನ್ಸ್ ಬಳ್ಳಿ ಗುಲಾಬಿಯ ಹೆಗಲ ಮೇಲೆ ಕೈ ಹಾಕಿ ನಿಂತಿದೆ, ಗುಲಾಬಿ ಕೊಂಚ ಮುಖ ಸಿಂಡರಿಸಿದರೂ ಸಹಿಸಿಕೊಂಡಿದೆ. ಚೆಂಡು ಹೂವಿನ ನಡುವೆ ಕೊತ್ತಂಬರಿ, ಬೇಲಿಯ ಮೇಲೆ ಸಿಹಿಗುಂಬಳ. ಮತ್ತು ನಟ್ಟನಡುವೆ, ರಂಗದ ಮುಂಭಾಗದಲ್ಲಿ, ನನ್ನ ಕಥಾನಾಯಕ: ಬೆಂಡೆ.

ಹೌದು, ಎತ್ತರದವನೇ. ಹಿಂದೆ ಹಾಕೆಂದು ನೀನು ಬರೆದಿದ್ದೆ. ಆದರೆ ಪಿಸು, ಅರಸನ ಪಾತ್ರಧಾರಿ ಸೈನಿಕರ ಬೆನ್ನ ಹಿಂದೆ ನಿಂತದ್ದನ್ನು ಯಾವ ನಾಟಕದಲ್ಲಿ ಕಂಡಿದ್ದೀ? ಅವನ ಹಿಂದಿನ ಡೇಲಿಯಾಗಳು ಬಿಸಿಲಿಲ್ಲದೆ ಬಿಳಿಚಿಕೊಂಡಿವೆ ಎಂಬುದು ನಿಜ. ಅರಮನೆಯಲ್ಲಿ ಇಂಥವೆಲ್ಲ ಇದ್ದದ್ದೇ.

ಬೆಂಡೆ ಮೊದಲ ಹೂ ಬಿಟ್ಟ ಬೆಳಿಗ್ಗೆ ಮೇಲ್ಮನೆಯಮ್ಮ ಗೇಟಿನ ಹತ್ತಿರ ನಿಂತುಬಿಟ್ಟರು. ತಿಳಿ ಹಳದಿ ದಳ, ಎದೆಯಲ್ಲಿ ಕಡುಗೆಂಪು.

"ಇದ್ಯಾವ ದಾಸವಾಳ?" ಅಂದರು.

"ಹೊರದೇಶದ ತಳಿ, ಅಮ್ಮ" ಅಂದೆ.

"ಹೆಸರೇನು?"

"ಉದ್ದವಾಗಿದೆ. ನಾಲಿಗೆ ಹೊರಳೋದಿಲ್ಲ."

"ನಿಮ್ಮ ನಾಲಿಗೆಯೂ ಹೊರಳದ ಹೆಸರಿದೆಯಾ ಪ್ರಪಂಚದಲ್ಲಿ" ಎಂದು ಹೋದರು. ಹೋದವರು ಮರುವಾರ ಬಂದು ಮತ್ತೆ ನಿಂತರು. ಅಷ್ಟರಲ್ಲಿ ನಮ್ಮ ನಾಯಕ ಆಕಾಶಕ್ಕೆ ಬೆರಳು ತೋರಿಸುತ್ತ ಎಳೆ ಕಾಯಿ ಬಿಟ್ಟಿದ್ದ.

"ದಾಸವಾಳಕ್ಕೆ ಕಾಯಿ ಬಂದಿದೆಯಲ್ರೀ."

"ಅದೇ ಅದರ ವಿಶೇಷ, ಅಮ್ಮ."

ಅವರು ತಟ್ಟನೆ ತಿರುಗಿ ಹೊರಟರು. ನಗು ಬಂದಂತೆ ಕಂಡಿತು, ಆದರೆ ನಾನು ಬೆನ್ನನ್ನಷ್ಟೇ ನೋಡಿದ್ದು.

ಮೆಣಸು ಬೇಡ ಅಂದೆಯಲ್ಲ, ಅಷ್ಟರಲ್ಲಿ ಹಾಕಿ ಆಗಿತ್ತು. ನಿನ್ನ ಕಿಟಕಿಯ ಕೆಳಗೆ, ಕೈಚಾಚಿದರೆ ಸಿಗುವ ಹಾಗೆ. ಪ್ರತಿ ತುತ್ತಿಗೂ ಹಸಿ ಮೆಣಸಿನಕಾಯಿ ಕಡಿಯುವವಳು ನೀನು, ಬೇಡವೆಂದರೆ ನಾನು ನಂಬಬೇಕೆ? ಇನ್ನೊಂದು. ಮಂಡಿ ನೋವಿಗೆ ಸೂಪು ಸೋಸಿ ಕುಡಿಸುವ ಆ ಡಾಕ್ಟರು ಯಾರಮ್ಮ? ಆಕೆ ಮಂಡಿಯಿಂದ ಊಟ ಮಾಡುತ್ತಾಳೇನು? ಚೆನ್ನಾಗಿ ತಿನ್ನಲು ಕೊಡು ಆಕೆಗೆ.

ಬೇಗ ಬಾ. ಕಾಯಿ ಬಲಿಯುತ್ತಿದೆ.

ಗುಡುಗಣ್ಣ


ಆಗಸ್ಟ್ 20

ಅಣ್ಣ,

ಎತ್ತರದವರನ್ನು ಹಿಂದೆ ಹಾಕು ಅಂದಿದ್ದೆ. ಮೆಣಸಿನ ಗಿಡ ಬೇಡ ಅಂದಿದ್ದೆ. ಅದನ್ನು ಕಿತ್ತುಬಿಡು.

ಅಕ್ಟೋಬರಿನಲ್ಲಿ ಕರಾರು ಬರೆಸುವಾಗ ನಿನ್ನ ಹೆಸರೊಂದೇ ಇರಲಿ. ನಾನು ಇಲ್ಲಿಯೇ ಗೆಳತಿಯ ಜೊತೆ ಉಳಿಯುವುದೆಂದು ಯೋಚಿಸಿದ್ದೇನೆ. ನನ್ನ ಕೋಣೆಯನ್ನು ನೀನು ಬಳಸಿಕೋ. ಚಳಿಗೆ ಹೊದೆಯಲು ಕಪಾಟಿನ ಮೇಲ್ಗಡೆ ಉಣ್ಣೆಯ ಹೊದಿಕೆ ಇದೆ. ಕೋಪ ಮಾಡಿಕೊಳ್ಳಬೇಡ.

ಪಿಸು


ಸೆಪ್ಟೆಂಬರ್ 1

ತಂಗಿ,

ನಿನ್ನ ಪತ್ರವನ್ನು ನಿಂತು ಓದಿದೆ, ಕೂತು ಓದಿದೆ. ಅರ್ಥ ಒಂದೇ ಆಯಿತು. ನಿನ್ನ ಪಾತಿಯನ್ನು ನಾನು ಸಂತೆ ಮಾಡಿದೆ. ವರ್ಷಗಟ್ಟಲೆ ಒಂದೊಂದೇ ಗಿಡ ಆರಿಸಿ, ಬಣ್ಣ ಹೊಂದಿಸಿ ನೀನು ಕಟ್ಟಿದ ರಂಗಸಜ್ಜಿಕೆಯೊಳಗೆ ಈ ದಡ್ಡ ಅರಸ ಬೆಂಡೆಕಾಯಿ ಹಿಡಿದು ನುಗ್ಗಿದ. ಡೇಲಿಯಾ ಬಿಳಿಚಿತೆಂದು ಬರೆದು ತಮಾಷೆ ಬೇರೆ ಮಾಡಿದೆ. ಹೇಳಿದ ಮಾತು ಕೇಳದವನ ಜೊತೆ ಯಾರು ತಾನೆ ಇದ್ದಾರು?

ಆದ್ದರಿಂದ ಪಿಸು, ಎಲ್ಲ ಕಿತ್ತೆ. ನಿನ್ನೆ ಬೆಳಿಗ್ಗೆ ಗುದ್ದಲಿ ಹಿಡಿದು ಇಳಿದವನು ಮೊದಲು ಬೆಂಡೆ, ಆಮೇಲೆ ಹರಿವೆ, ಬೀಟ್‌ರೂಟ್, ಮೆಣಸು, ಕಮಾನಿನ ಬೀನ್ಸ್ ಎಲ್ಲವನ್ನೂ ಕಿತ್ತು ರಾಶಿ ಹಾಕಿದೆ. ಬೀನ್ಸ್ ಬಳ್ಳಿ ಎಳೆದಾಗ ಗುಲಾಬಿ ಕೈ ಗೀರಿತು. ತಕ್ಕದ್ದೇ. ಕೊತ್ತಂಬರಿಗೆ ಕೈ ಹಾಕಿದ್ದೇ ತಡ, ಮೇಲ್ಮನೆಯಮ್ಮ ಬರಿಗಾಲಲ್ಲಿ ಮೆಟ್ಟಿಲಿಳಿದು ಬಂದರು.

"ಏನ್ರೀ ಮಾಡ್ತಾ ಇದ್ದೀರಿ?"

"ಕರಾರು ಪಾಲಿಸ್ತಾ ಇದ್ದೀನಿ, ಅಮ್ಮ. ಹೂವು ಮಾತ್ರ."

"ಅದು ಸರಿ. ಕೊತ್ತಂಬರಿ ಏನು ಮಾಡಿತ್ತು ನಿಮಗೆ?"

"ಇದು ಕೊತ್ತಂಬರಿ ಅಂತ ನಿಮಗೆ ಹೇಗೆ ಗೊತ್ತು?"

ಅವರು ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು. ಆಗ ತಿಳಿಯಿತು, ನಾನು ಕತ್ತರಿಸದಿದ್ದರೂ ಸೊಪ್ಪು ದಿನಾ ಒಂದು ಹಿಡಿ ಕಡಿಮೆ ಇರುತ್ತಿದ್ದುದು ಯಾಕೆಂದು. ಬೇರೆ ದಿನವಾಗಿದ್ದರೆ ಬೀದಿಗೆಲ್ಲ ಕೇಳಿಸುವಂತೆ ನಗುತ್ತಿದ್ದೆ. ನಿನ್ನೆ ಆಗಲಿಲ್ಲ. "ನನ್ನ ತಂಗಿ ಬರಲ್ಲ ಅಂತಾಳೆ" ಅಂದೆ, ಅಷ್ಟೆ. ಅವರು ಕಿತ್ತ ಗಿಡಗಳ ರಾಶಿಯನ್ನೂ ನನ್ನನ್ನೂ ನೋಡಿ, "ಗಿಡ ಕಿತ್ತರೆ ಬರ್ತಾಳಾ?" ಎಂದು ಕೇಳಿ ಮೇಲೆ ಹೋದರು.

ಸಿಹಿಗುಂಬಳದ ಬಳ್ಳಿಯೊಂದು ಉಳಿದಿದೆ. ನೀನಾಗಿ ಕೇಳಿ ಹಾಕಿಸಿದ್ದೆಂದು ಕೈ ಬರಲಿಲ್ಲ.

ಈಗ ಪಾತಿಯಲ್ಲಿ ಬರೀ ಹೂವಿದೆ. ಬಾರಮ್ಮ. ನಾನು ಕಡೆಯ ಸಾಲಿನಲ್ಲಿ ಬೇಕಾದರೂ ನಿಲ್ಲುತ್ತೇನೆ.

ನಿನ್ನ ಅಣ್ಣ


ಸೆಪ್ಟೆಂಬರ್ 12

ಅಣ್ಣ,

ಇದನ್ನು ಓದುವ ಮುಂಚೆ ಕೂತುಕೋ. ಗುದ್ದಲಿ ಕೈಯಲ್ಲಿದ್ದರೆ ಕೆಳಗಿಡು.

ನೀನು ಗಿಡ ಕಿತ್ತ ಸುದ್ದಿ ಓದಿ ನಾನು ಅತ್ತೆ. ಪಾತಿಯ ಮೇಲೆ ನನಗೆ ಯಾವ ಕೋಪವೂ ಇರಲಿಲ್ಲ. ನಿನ್ನ ಆಗಸ್ಟಿನ ಪತ್ರವನ್ನು ಗೆಳತಿ ಥೇಟ್ ನಿನ್ನ ದನಿಯಲ್ಲೇ ವಾರ್ಡಿನಲ್ಲಿ ಓದಿದಳು. ಪಕ್ಕದ ಮಂಚದವರೆಲ್ಲ ದಿನಾ "ದಾಸವಾಳದ ಕಾಯಿ ಎಷ್ಟುದ್ದ ಆಯ್ತು?" ಎಂದು ಕೇಳುತ್ತಿದ್ದರು.

ವಾರ್ಡು ಅಂದೆ. ಹೌದು. ಗೆಳತಿಯ ಮಂಡಿ ಕಲ್ಲಿನ ಹಾಗಿದೆ. ಆಪರೇಷನ್ ಆದದ್ದು ನನ್ನ ಗಂಟಲಿಗೆ. ಹೊರಡುವಾಗ ಕಟ್ಟಿದ್ದ ಗಂಟಲು ಬಿಸಿನೀರಿಗೆ ಹೋಗುವಂಥದ್ದಾಗಿರಲಿಲ್ಲ, ಒಳಗೆ ಗಡ್ಡೆ ಇತ್ತು. ತೆಗೆದಿದ್ದಾರೆ. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಅದನ್ನು ನಂಬು, ನಾನೂ ನಂಬಿದ್ದೇನೆ. ಆದರೆ ದನಿ ಹೋಯಿತು. ಉಳಿದದ್ದು ಬರೀ ಪಿಸುಮಾತು, ಅಷ್ಟೇ ಇನ್ನು. ನುಂಗುವುದು ಸೋಸಿದ್ದನ್ನು ಮಾತ್ರ, ಮೆಲ್ಲಮೆಲ್ಲನೆ. ಮೆಣಸಿನಕಾಯಿಯ ಹೆಸರು ಓದಿದರೂ ಕಣ್ಣು ತುಂಬುತ್ತದೆ, ಅದಕ್ಕೇ ಕಿತ್ತುಬಿಡು ಅಂದದ್ದು.

ಹೇಳದೆ ಬಂದದ್ದು ನೀನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಶೋಕಪ್ರಸಂಗ ಶುರುಮಾಡಬಾರದೆಂದು. ವಾಪಸ್ ಬರುವುದಿಲ್ಲ ಅಂದದ್ದು ಬೇರೆ ಕಾರಣಕ್ಕೆ. ಗೇಟಿನಿಂದ ಹಾಲಿನವನನ್ನು ಕೂಗುತ್ತಿದ್ದವಳು ನಾನು. ನೀನು ಕೊಳಾಯಿ ಬಿಟ್ಟು ಮರೆತರೆ ಒಳಗಿನಿಂದ ಗದರುತ್ತಿದ್ದವಳು ನಾನು. ನಿನ್ನ ಒಂದೊಂದು ಗರ್ಜನೆಗೂ ಮರುಮಾತು ಇರುತ್ತಿತ್ತು, ಅದಕ್ಕೇ ಅದು ಮನೆಯಾಗಿತ್ತು. ಈಗ ನೀನು "ಕಾಫಿ ಎಲ್ಲಿ" ಅಂದರೆ ನಾನು ಬರೀ ಬಾಯಿ ಆಡಿಸುತ್ತೇನೆ. ನೀನು ಕೇಳಿಸದೆ ನನ್ನ ಮುಖ ನೋಡುತ್ತೀ. ಆಮೇಲೆ ಪಾಪ ಅನ್ನುತ್ತೀ. ಆ ಪಾಪ ಅನ್ನುವ ಮುಖವನ್ನು ದಿನಾ ನೋಡುವ ಶಕ್ತಿ ನನಗಿಲ್ಲ.

ಕುಂಬಳದ ಬಳ್ಳಿ ಉಳಿಸಿದ್ದಕ್ಕೆ ಸಂತೋಷ.

ಪಿಸು


ಸೆಪ್ಟೆಂಬರ್ 21

ಪಿಸು,

ನಿನ್ನ ಪತ್ರ ಓದಿ ಪಾತಿಯ ಅಂಚಿನಲ್ಲಿ ಕೂತೆ. ಎಷ್ಟು ಹೊತ್ತು ಕೂತಿದ್ದೆನೋ, ಮೇಲ್ಮನೆಯಮ್ಮ ಬಂದು "ಏನ್ರೀ, ಮನೆಯಲ್ಲಿ ಸದ್ದೇ ಇಲ್ಲ, ಹುಷಾರಾಗಿದ್ದೀರಾ?" ಅಂದರು. ಪತ್ರ ಕೊಟ್ಟೆ. ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ "ಏಳಿ, ಮಣ್ಣು ಕೆದಕಿ" ಅಂದರು. ಅವರೇ ಮೇಲಿನಿಂದ ಪಾಲಕ್ ಬೀಜದ ಪೊಟ್ಟಣ ತಂದರು. ಅವರ ಮನೆಯಲ್ಲಿ ಅದು ಯಾಕಿತ್ತೆಂದು ಕೇಳಿ ಸಭ್ಯತೆ ಮೀರಲಿಲ್ಲ ನಾನು.

ಈಗ ಒಂದು ಹಳೆಯ ಸಂಗತಿ ಹೇಳುತ್ತೇನೆ, ನಿನಗೆ ಗೊತ್ತಿರುವುದೇ. ಆಸ್ಥಾನದ ದೃಶ್ಯ. ಥಿಯೇಟರ್ ಕಿಕ್ಕಿರಿದಿತ್ತು, ಮೇಲೆ ತಗಡಿನ ಮೇಲೆ ಮಳೆ, ಕೆಳಗೆ ಸೀಟಿ, ಪಕ್ಕದಲ್ಲಿ ನಗಾರಿ. ಸಿಂಹಾಸನದಿಂದ ಎದ್ದು ನಿಂತವನಿಗೆ ಒಂದಕ್ಷರ ನೆನಪಿಲ್ಲ. ತಲೆಯೊಳಗೆ ಬಟಾಬಯಲು. ನಗಾರಿಯವನು ನನ್ನ ಮುಖ ನೋಡಿ ಇನ್ನೂ ಜೋರಾಗಿ ಬಾರಿಸಿದ. ಅಷ್ಟು ಗದ್ದಲದಲ್ಲೂ ಪರದೆಯ ಮರೆಯಿಂದ ಒಂದು ಪಿಸುಮಾತು ಬಂತು. ಎದುರಿನ ಸಾಲಿಗೂ ಕೇಳಿಸದ ಆ ದನಿ ನನ್ನ ಕಿವಿಗೆ ಗಂಟೆಯ ಹಾಗೆ ಕೇಳಿಸಿತು. ಜನ ಚಪ್ಪಾಳೆ ತಟ್ಟಿದ್ದು ನನಗೆ. ಮಾತು ನಿನ್ನದು.

ಹುಚ್ಚಿ, ನಿನ್ನ ಉಳಿದ ದನಿಗಳೆಲ್ಲ ಹಾಲಿನವನಿಗೆ, ಕೊಳಾಯಿಗೆ, ಬೀದಿಗೆ. ನಾನು ಬದುಕಿದ್ದು ಈ ಪಿಸುಮಾತಿನಲ್ಲಿ. ಡಾಕ್ಟರು ಬೇರೆಲ್ಲ ತೆಗೆದುಕೊಂಡು ನನಗೆ ಬೇಕಾದ ದನಿಯನ್ನೇ ಬಿಟ್ಟಿದ್ದಾರೆ. ಹಾಲಿನವನನ್ನು ಕೂಗಲು ನಾನಿಲ್ಲವೆ? ನೀನು ಕಿಟಕಿಯಲ್ಲಿ ಕೂತು ಎತ್ತಿಕೊಡು, ನಾನು ಬೀದಿಗೆಲ್ಲ ಕೇಳಿಸುತ್ತೇನೆ. ಪಾಪ ಎಂಬ ಮುಖ ನನಗೆ ಬರುವುದಿಲ್ಲ. ಕಂಪನಿಯ ಮಾಲೀಕರೇ ಹೇಳಿದ್ದರು, "ಕರುಣರಸ ಇವನಿಗೆ ಒಗ್ಗಲ್ಲ, ಹೊಟ್ಟೆನೋವು ಬಂದವನ ಥರ ಕಾಣ್ತಾನೆ" ಎಂದು.

ಆದರೆ ನಿನ್ನದೂ ಒಂದು ಮಾತು ನಿಜ. ನಾನು ಗರ್ಜಿಸುತ್ತಿದ್ದರೆ ಪಿಸುಮಾತು ಕೇಳಿಸದು. ಅದಕ್ಕೆ ತಾಲೀಮು ನಡೆಸಿದ್ದೇನೆ. ಬೆಳಿಗ್ಗೆ ಪಾತಿಯ ಬಳಿ ಕೂತು ತುಟಿ ಹೊಲಿದುಕೊಳ್ಳುತ್ತೇನೆ. ಮೊದಲ ದಿನ ಪ್ರಾಣವೇ ಹೋದಂತಾಯಿತು. ಈಗ ಕುಂಬಳದ ಹೂವಿನೊಳಗೆ ದುಂಬಿ ಹೊರಳಾಡುವ ಸದ್ದು ಕೇಳಿಸುತ್ತದೆ. ಇಷ್ಟು ವರ್ಷ ಅದು ಸದ್ದು ಮಾಡುತ್ತಿತ್ತೆಂದೇ ನನಗೆ ಗೊತ್ತಿರಲಿಲ್ಲ.

ಪಾತಿ ಮತ್ತೆ ಕಟ್ಟಿದ್ದೇವೆ. ಗುಲಾಬಿಯ ಬುಡದಲ್ಲಿ ಪಾಲಕ್, ಚೆಂಡು ಹೂವಿನ ಮಗ್ಗುಲಿಗೆ ಕ್ಯಾರೆಟ್, ಅದರ ಎಲೆ ಹಕ್ಕಿಯ ಪುಕ್ಕದಂತೆ ಬರುತ್ತದಂತೆ. ಅಂಚಿಗೆ ಮತ್ತೆ ಬೀಟ್‌ರೂಟ್. ಬೇಯಿಸಿ ಸೋಸಿದರೆ ಎಲ್ಲವೂ ನಿನ್ನ ಗಂಟಲಲ್ಲಿ ಇಳಿಯುವಂಥವು. ಬೆಂಡೆ ಈ ಸಲ ಗೋಡೆಯ ಪಕ್ಕ, ಎಲ್ಲರಿಗಿಂತ ಹಿಂದೆ. ಕುಂಬಳ ಮೂರು ನಿಂತಿವೆ, ಚೆಂಡಿಗಿಂತ ದಪ್ಪ. ಮೇಲ್ಮನೆಯಮ್ಮ ಕರಾರಿನ ಆ ಸಾಲಿಗೆ ಅಡ್ಡಗೆರೆ ಎಳೆದು, "ಹೂವಿನ ಜೊತೆ ಏನಾದರೂ" ಎಂದು ಬರೆದಿದ್ದಾರೆ. ನಿನ್ನ ಹೆಸರೂ ಇದೆ, ನನಗಿಂತ ಮೇಲೆ. ರುಜುವಿಗೆ ಜಾಗ ಬಿಟ್ಟಿದ್ದಾರೆ.

ಕಿತ್ತ ರಾಶಿಯಲ್ಲಿ ಒಂದು ಮೆಣಸಿನ ಗಿಡಕ್ಕೆ ಬೇರು ಉಳಿದಿತ್ತು. ಕುಂಡಕ್ಕೆ ನೆಟ್ಟು ಹಿತ್ತಿಲಲ್ಲಿ ಇಟ್ಟಿದ್ದೇನೆ, ನಿನ್ನ ಕಣ್ಣಿಗೆ ಬೀಳದ ಕಡೆ. ನೀನು ಕೇಳುವವರೆಗೆ ಅದು ಪರದೆಯ ಹಿಂದೆಯೇ ಇರುತ್ತದೆ.

ಅಣ್ಣ


ಅಕ್ಟೋಬರ್ 4 (ಕಾರ್ಡು)

ಅಣ್ಣ,

ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ. ಒಂದು ಕುಂಬಳ ಕೊಯ್ದಿಡು, ಉಳಿದವನ್ನು ನಾನು ಬಳ್ಳಿಯಲ್ಲೇ ನೋಡಬೇಕು. ಪಾಲಕ್‌ಗೆ ನೀರು ಕಡಿಮೆ ಹಾಕು. ಮೆಣಸಿನ ಕುಂಡವನ್ನು ಬಿಸಿಲಿಗೆ ತಾ, ಹಿತ್ತಿಲಲ್ಲಿ ಸಾಯುತ್ತದೆ.

ಸ್ಟೇಷನ್ನಿನಲ್ಲಿ ನನ್ನ ಹೆಸರು ಹಿಡಿದು ಕೂಗಬೇಡ. ಜನದ ನಡುವೆ ಎಲ್ಲಾದರೂ ಒಂದು ಕಡೆ ನಿಂತಿರು. ನಾನೇ ಕರೆಯುತ್ತೇನೆ. ನೀನು ಸುಮ್ಮನಿದ್ದರೆ ಕೇಳಿಸುತ್ತದೆ.

ಪಿಸು